ಕಣ್ಣು ಕಸಿ ಆದ ಮೇಲೂ ಮಾಯದ ಗಾಯ: ನೋವಿಲ್ಲ ಅಂತ ಸುಮ್ಮನಿರಬೇಡಿ

ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡಾಗ ಅವರ ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬಂದಿದ್ದು ಎಲ್ಲರಿಗೂ ಗೊತ್ತು. ನೇತ್ರದಾನದ ಬಗ್ಗೆ ಆಗ ಬೇಕಾದಷ್ಟು ಮಾತಾಯ್ತು. ಆದರೆ ಕಣ್ಣು ಹಾಕಿಸಿಕೊಂಡವರು ಆಪರೇಷನ್ ಮುಗಿಸಿ ಊರಿಗೆ ಬಂದ ಮೇಲೆ ಏನಾಗುತ್ತೆ ಅನ್ನೋದನ್ನ ಕೇಳಿದವರು ಕಡಿಮೆ.

ಕಸಿ ಅಂದ್ರೆ ಇಡೀ ಕಣ್ಣು ಬದಲಾಯಿಸೋದಲ್ಲ. ಕಣ್ಣಿನ ಮುಂದೆ ಗಾಜಿನ ಹಾಗೆ ಇರುವ ಕಾರ್ನಿಯಾವನ್ನು ಮಾತ್ರ ಬದಲಾಯಿಸ್ತಾರೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರ ಮೇಲೆ ಇನ್ನೂ ತೆಳುವಾದ ಒಂದು ಮೇಲ್ಪದರ ಇರುತ್ತೆ. ದಾನಿಯ ಕಾರ್ನಿಯಾದ ಮೇಲಿದ್ದ ಪದರ ಬಹುತೇಕ ಉದುರಿಹೋಗುತ್ತೆ. ಆ ಜಾಗಕ್ಕೆ ರೋಗಿಯ ಸ್ವಂತ ಕಣ್ಣಿನ ಅಂಚಿನಿಂದ ಹೊಸ ಜೀವಕೋಶಗಳು ಬಂದು ಮುಚ್ಚಬೇಕು. ಸಾಮಾನ್ಯವಾಗಿ ವಾರದೊಳಗೆ ಮುಚ್ಚುತ್ತೆ. ಎರಡು ವಾರ ಚಿಕಿತ್ಸೆ ಕೊಟ್ಟರೂ ಮುಚ್ಚದಿದ್ದರೆ ಅದು ಮಾಯದ ಗಾಯ ಅಂತ ವೈದ್ಯರು ಲೆಕ್ಕ ಹಾಕ್ತಾರೆ.

ಯಾಕೆ ಮಾಯಲ್ಲ? ಶುಗರ್, ಕಣ್ಣು ಒಣಗೋದು, ಹಳೇ ಹರ್ಪಿಸ್ ಸೋಂಕು, ಮಲಗಿದಾಗ ರೆಪ್ಪೆ ಪೂರ್ತಿ ಮುಚ್ಚದಿರೋದು, ಹೀಗೆ ಕಾರಣ ಹಲವು. ಸುಣ್ಣ ಅಥವಾ ಆಸಿಡ್ ಬಿದ್ದು ಹಾಳಾದ ಕಣ್ಣಲ್ಲಿ ಇನ್ನೂ ಕಷ್ಟ. ಹೊಸ ಕೋಶ ಹುಟ್ಟಬೇಕಾದ ಅಂಚೇ ಅಲ್ಲಿ ಸುಟ್ಟಿರುತ್ತೆ. ಎಲೆ ಅಡಿಕೆ ಅಂಗಡಿಯವರು ಸುಣ್ಣದ ಪ್ಯಾಕೆಟ್ಟನ್ನು ಮಕ್ಕಳ ಕೈಗೆ ಕೊಡಬಾರದು ಅನ್ನೋದು ಸುಮ್ಮನೆ ಅಲ್ಲ.

ಇನ್ನೊಂದು ಕಾರಣವನ್ನು ಸ್ವಲ್ಪ ಗಮನಿಸಿ. ಆಪರೇಷನ್‌ನಲ್ಲಿ ಕಾರ್ನಿಯಾದ ನರಗಳು ಕತ್ತರಿಸಿ ಹೋಗ್ತವೆ. ನರ ಇಲ್ಲದಿದ್ರೆ ಗಾಯ ಬೇಗ ಮಾಯಲ್ಲ, ಜೊತೆಗೆ ನೋವೂ ಗೊತ್ತಾಗಲ್ಲ. ಹಾಗಾಗಿ 'ಏನೂ ನೋವಿಲ್ಲ, ಚೆನ್ನಾಗಿದೀನಿ' ಅಂತ ಹೇಳುವ ರೋಗಿಯ ಕಣ್ಣಲ್ಲೇ ಗಾಯ ತೆರೆದುಕೊಂಡಿರಬಹುದು. ಆಸ್ಪತ್ರೆಯಲ್ಲಿ ಕಣ್ಣಿಗೆ ಒಂದು ಬಣ್ಣ ಹಾಕಿ ನೀಲಿ ಬೆಳಕು ಬಿಟ್ಟರೆ ಗಾಯ ಹಸಿರಾಗಿ ಹೊಳೆಯುತ್ತೆ. ಮನೆಯಲ್ಲಿ ಕನ್ನಡಿ ನೋಡಿದ್ರೆ ಅದು ಕಾಣೋದಿಲ್ಲ. ಗಾಯ ಹಾಗೇ ಉಳಿದ್ರೆ ಸೋಂಕು ಆಗಬಹುದು, ಕಾರ್ನಿಯಾ ಕರಗಿ ತೂತು ಬೀಳಬಹುದು, ಕಸಿಯೇ ಕೈಕೊಡಬಹುದು.

ಚಿಕಿತ್ಸೆ ಹಂತ ಹಂತವಾಗಿ ನಡೆಯುತ್ತೆ. ಮೊದಲು ಪ್ರಿಸರ್ವೇಟಿವ್ ಇಲ್ಲದ ಕಣ್ಣೀರಿನ ಡ್ರಾಪ್ಸ್. ಡ್ರಾಪ್ಸ್ ಕೆಡದಿರಲಿ ಅಂತ ಬೆರೆಸುವ ರಾಸಾಯನಿಕವೇ ಮೇಲ್ಪದರಕ್ಕೆ ಪೆಟ್ಟು ಕೊಡುತ್ತೆ, ಅದಕ್ಕೇ ಮೆಡಿಕಲ್‌ನಲ್ಲಿ ಕೇಳಿ ತಂದ ಯಾವುದೋ ಬಾಟಲಿ ಇಲ್ಲಿ ನಡೆಯಲ್ಲ. ಆಮೇಲೆ ಬ್ಯಾಂಡೇಜ್ ಲೆನ್ಸ್: ಗಾಯಕ್ಕೆ ರೆಪ್ಪೆ ಉಜ್ಜದಂತೆ ಮುಚ್ಚಿಡುವ ಮೆತ್ತನೆ ಲೆನ್ಸ್. ಅದನ್ನು ವೈದ್ಯರೇ ಹಾಕಿ ಅವರೇ ತೆಗೀತಾರೆ.

ಅದಕ್ಕೂ ಜಗ್ಗದಿದ್ರೆ ರೋಗಿಯದೇ ರಕ್ತದಿಂದ ಡ್ರಾಪ್ಸ್! ರಕ್ತ ತೆಗೆದು ಹೆಪ್ಪುಗಟ್ಟಿಸಿ, ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಲ್ಲುವ ತಿಳಿ ಸೀರಮ್ಮನ್ನು ಸಲೈನ್ ಜೊತೆ ಬೆರೆಸ್ತಾರೆ. ಶೇ 20ರಷ್ಟು ಸೀರಮ್ ಇರೋದು ವಾಡಿಕೆ. ಗಾಯ ಮಾಯಿಸುವ ಅಂಶಗಳು ಕಣ್ಣೀರಿನಲ್ಲಿರುವಂತೆ ಇದರಲ್ಲೂ ಇವೆ. ಆದರೆ ಬೇಗ ಕೆಡುತ್ತೆ, ಫ್ರಿಜ್ ಬೇಕೇ ಬೇಕು. ಬಸ್ಸಲ್ಲಿ ತರೋವಾಗ ಐಸ್ ಪ್ಯಾಕ್ ಜೊತೆ ಇಟ್ಟುಕೊಳ್ಳಿ.

ಇಷ್ಟಕ್ಕೂ ಬಗ್ಗದ ಗಾಯಕ್ಕೆ, ಸಿಸೇರಿಯನ್ ಹೆರಿಗೆಯಲ್ಲಿ ದಾನವಾಗಿ ಬಂದ ಮಾಸಿನ ಒಳಪದರವನ್ನು ಪರೀಕ್ಷೆ ಮಾಡಿ ಕಣ್ಣಿನ ಮೇಲೆ ಹೊದಿಸುವುದುಂಟು. ಕೆಲವರಿಗೆ ರೆಪ್ಪೆಯ ಒಂದು ಭಾಗವನ್ನೇ ಹೊಲೀತಾರೆ. ಕೇಳೋಕೆ ಭಯ ಅನ್ನಿಸಿದರೂ ಚೆನ್ನಾಗಿ ಕೆಲಸ ಮಾಡುವ ಹಳೇ ಉಪಾಯ ಇದು. ಗಾಯ ಮಾಯ್ದ ಮೇಲೆ ಬಿಚ್ಚಬಹುದು. ನರಗಳಿಗೆಂದೇ ಬಂದಿರುವ ಸೆನೆಜರ್ಮಿನ್ ಡ್ರಾಪ್ಸ್‌ಗೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ಸಿಕ್ಕಿದೆ, ಬೆಲೆ ಮಾತ್ರ ವಿಪರೀತ.

ಸ್ಟೆರಾಯ್ಡ್ ಡ್ರಾಪ್ಸ್ ವಿಷಯದಲ್ಲೇ ಹೆಚ್ಚು ಜನ ಗೊಂದಲಕ್ಕೆ ಬೀಳೋದು. ಅದು ಗಾಯ ಮಾಯೋದನ್ನ ನಿಧಾನ ಮಾಡುತ್ತೆ ಅನ್ನೋದು ನಿಜ. ಆದರೆ ದೇಹ ಕಸಿಯನ್ನು ತಿರಸ್ಕರಿಸದಂತೆ ತಡೆಯೋದೂ ಅದೇ. ಕಡಿಮೆ ಮಾಡಬೇಕೋ ಬೇಡವೋ ಅನ್ನೋದನ್ನ ಆಪರೇಷನ್ ಮಾಡಿದ ವೈದ್ಯರೇ ಹೇಳಬೇಕು. ಕಣ್ಣು ಕೆಂಪಾದ್ರೆ, ನೀರು ಸುರಿದ್ರೆ, ಬೆಳಕು ನೋಡೋಕಾಗದಿದ್ರೆ, ಮಂಜಾದ್ರೆ ಅಥವಾ ಬಿಳಿ ಚುಕ್ಕೆ ಕಂಡ್ರೆ ಮುಂದಿನ ಚೆಕಪ್ ತಾರೀಖಿನವರೆಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೊರಡಿ. ಹಾಕುತ್ತಿರುವ ಡ್ರಾಪ್ಸ್ ಬಾಟಲಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡೇ ಹೋಗಿ.