ನಿರ್ಮಾಣಸಾಧನಗಳ ದೋಷಸೂಚನೆಗಳು: ಜಾವಾ ಆವೃತ್ತಿಯ ಬದಲಾವಣೆಯೂ ಕನ್ನಡ ಲಿಪಿಯೂ

ರಜೆಯ ಅವಧಿಯಲ್ಲಿ ಕಾಲೇಜಿನ ಗಣಕ ಪ್ರಯೋಗಶಾಲೆಯ ಯಂತ್ರಗಳಿಗೆ ಹೊಸ ತಂತ್ರಾಂಶವನ್ನು ಅಳವಡಿಸುವುದು ರೂಢಿ. ರಜೆಗೆ ಮುನ್ನ ಸುಗಮವಾಗಿ ನಡೆಯುತ್ತಿದ್ದ ಪ್ರೋಗ್ರಾಮು, ಅದರಲ್ಲಿ ಯಾರೂ ಒಂದಕ್ಷರವನ್ನೂ ತಿದ್ದದಿದ್ದರೂ, ರಜೆಯ ಅನಂತರ ಪುಟಗಟ್ಟಲೆ ದೋಷಸೂಚನೆಗಳನ್ನು ಮುದ್ರಿಸಿ ನಿಂತುಬಿಡುವುದೂ ಅಷ್ಟೇ ರೂಢಿಯ ಸಂಗತಿ. ವಿದ್ಯಾರ್ಥಿಯು ತನ್ನ ಪ್ರಾಜೆಕ್ಟನ್ನು ಒಪ್ಪಿಸಬೇಕಾದ ದಿನ ಸಮೀಪಿಸಿರುತ್ತದೆ. ಅಧ್ಯಾಪಕರ ಮೇಲೆ ಇಡೀ ತರಗತಿಯ ಯಂತ್ರಗಳ ಹೊಣೆ ಇರುತ್ತದೆ. ಆಗ ಕೈಗೆ ಸಿಕ್ಕ ಪರಿಹಾರಗಳನ್ನೆಲ್ಲ ಒಂದರ ಮೇಲೊಂದು ಪ್ರಯೋಗಿಸುವುದುಂಟು. ಅವುಗಳಲ್ಲಿ ಒಂದು ಫಲಿಸಿದರೂ ಕಾರಣವು ಅಜ್ಞಾತವಾಗಿಯೇ ಉಳಿಯುತ್ತದೆ. ಮುಂದಿನ ವರ್ಷ ಅದೇ ತೊಡಕು ಮರಳಿ ಬರುತ್ತದೆ. ಇಂಥ ದೋಷಸೂಚನೆಗಳನ್ನು ಕ್ರಮವರಿತು ಓದುವ ಬಗೆಯನ್ನು ಜಾವಾ ಭಾಷೆ ಮತ್ತು ಗ್ರೇಡಲ್ ಎಂಬ ಸಾಧನಗಳ ಉದಾಹರಣೆಯಿಂದ ನಿರೂಪಿಸುವುದು ಈ ಲೇಖನದ ಉದ್ದೇಶ. ಕನ್ನಡ ಪಠ್ಯವನ್ನು ಬಳಸುವ ಪ್ರೋಗ್ರಾಮುಗಳಲ್ಲಿ ಈ ವಿಷಯಕ್ಕೆ ವಿಶೇಷವಾದ ಮಹತ್ತ್ವವಿದೆ ಎಂಬುದನ್ನೂ ಮುಂದೆ ತೋರಿಸಲಾಗುವುದು.

ನಿರ್ಮಾಣಸಾಧನ, ಅಂದರೆ ಬಿಲ್ಡ್ ಟೂಲ್, ಎಂಬುದು ಪ್ರೋಗ್ರಾಮಿನ ಅನೇಕ ಫೈಲುಗಳನ್ನು ತಕ್ಕ ಕ್ರಮದಲ್ಲಿ ಕಂಪೈಲರಿಗೆ ಒಪ್ಪಿಸಿ, ಬೇಕಾದ ಲೈಬ್ರರಿಗಳನ್ನು ತರಿಸಿ, ಓಡಬಲ್ಲ ರೂಪವನ್ನು ಸಿದ್ಧಗೊಳಿಸುವ ತಂತ್ರಾಂಶ. ಇಂಥ ಸಾಧನಗಳಲ್ಲಿ ಆದ್ಯವಾದುದೆಂದು ಪ್ರಸಿದ್ಧವಾದ ‘ಮೇಕ್’ ಅನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ 1976ರಲ್ಲಿ ರಚಿಸಿದರು. ಅದರ ಹುಟ್ಟಿಗೆ ಕಾರಣವಾದ ಪ್ರಸಂಗವು ಬೋಧಪ್ರದವಾಗಿದೆ. ಅವರ ಸಹೋದ್ಯೋಗಿಯೊಬ್ಬರು ತಪ್ಪನ್ನು ತಿದ್ದಿದ್ದರೂ ಆ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ. ಆದ್ದರಿಂದ ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ಇಲ್ಲದ ತಪ್ಪನ್ನು ಹುಡುಕುತ್ತ ಒಂದು ಪೂರ್ವಾಹ್ನವನ್ನೇ ಕಳೆದಿದ್ದರು. ಸರಿಯಾದ ಪ್ರೋಗ್ರಾಮಿನಲ್ಲಿ ತಪ್ಪನ್ನು ಅರಸುವ ಈ ವ್ಯರ್ಥಶ್ರಮವೇ ಇಂದಿಗೂ ನಮ್ಮ ಪ್ರಯೋಗಶಾಲೆಗಳಲ್ಲಿ ಬೇರೊಂದು ರೂಪದಲ್ಲಿ ನಡೆಯುತ್ತಿದೆ.

ಮೈಸೂರಿನ ವಾಚಕರಿಗೆ ಪರಿಚಿತವಾದ ಒಂದು ಹೋಲಿಕೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಬೆಂಗಳೂರು–ಮೈಸೂರು ರೈಲುಮಾರ್ಗವು ಬಹುಕಾಲ ಮೀಟರ್ ಗೇಜಿನದಾಗಿತ್ತು. ಎರಡು ಹಳಿಗಳ ನಡುವಣ ಅಂತರ 1000 ಮಿಲಿಮೀಟರು. 1990ರ ದಶಕದಲ್ಲಿ ಅದು 1676 ಮಿಲಿಮೀಟರಿನ ಬ್ರಾಡ್ ಗೇಜಿಗೆ ಪರಿವರ್ತನೆಗೊಂಡಿತು. ಹಳೆಯ ಬೋಗಿಗಳಲ್ಲಿ ಯಾವ ಕೊರತೆಯೂ ಇರಲಿಲ್ಲ. ಹೊಸ ಹಳಿಗಳಲ್ಲಿಯೂ ದೋಷವಿರಲಿಲ್ಲ. ಗಾಲಿಗೂ ಹಳಿಗೂ ನಡುವೆ ಇದ್ದ ಒಡಂಬಡಿಕೆ ಮುರಿದಿತ್ತು, ಅಷ್ಟೆ. ಆವೃತ್ತಿಯನ್ನು ಏರಿಸಿದ ಮೇಲೆ ತಲೆದೋರುವ ದೋಷಸೂಚನೆಗಳು ಬಹುಮಟ್ಟಿಗೆ ಈ ಜಾತಿಯವು. ಆದ್ದರಿಂದ ನಾವು ಕೇಳಬೇಕಾದ ಮೊದಲ ಪ್ರಶ್ನೆಯು “ಪ್ರೋಗ್ರಾಮಿನಲ್ಲಿ ಏನು ತಪ್ಪು?” ಎಂಬುದಲ್ಲ, “ಯಾವ ಎರಡರ ನಡುವಣ ಒಡಂಬಡಿಕೆ ಮುರಿದಿದೆ?” ಎಂಬುದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮೈಸೂರು ಸೀಮೆಯ ಊರು, ನದಿ, ಬೆಟ್ಟಗಳ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಜಾವಾ ಪ್ರೋಗ್ರಾಮೊಂದಿದೆ. ಹೆಸರುಗಳ ಒಂದು ಭಾಗವನ್ನು ಹಿಂದಿನ ಅಧ್ಯಾಪಕರು ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದಿಟ್ಟಿದ್ದರು. ಉಳಿದುದನ್ನು ವಿದ್ಯಾರ್ಥಿಗಳು ಯೂನಿಕೋಡಿನಲ್ಲಿ ಸೇರಿಸಿದ್ದಾರೆ. ಯಂತ್ರಗಳಲ್ಲಿ ವಿಂಡೋಸ್, 2014ರ ಜಾವಾ 8 ಮತ್ತು ಗ್ರೇಡಲಿನ 6ನೆಯ ಆವೃತ್ತಿ ಇದ್ದುವು. ಈಗ ಜಾವಾ ಮಾತ್ರ 2023ರಲ್ಲಿ ಹೊರಬಂದ 21ನೆಯ ಆವೃತ್ತಿಗೆ ಏರಿದೆ.

ಮೊದಲು ಕಾಣುವ ಸೂಚನೆ ‘ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 65’ ಎಂಬುದು. ಜಾವಾ ಕಂಪೈಲರು ಉತ್ಪಾದಿಸುವ ಪ್ರತಿಯೊಂದು ಕ್ಲಾಸ್ ಫೈಲಿನ ಮೊದಲ ನಾಲ್ಕು ಬೈಟುಗಳು 202, 254, 186, 190 ಎಂಬ ಗುರುತಿನ ಸಂಖ್ಯೆಗಳು. ಐದು ಮತ್ತು ಆರನೆಯವು ಉಪ ಆವೃತ್ತಿಯನ್ನೂ, ಏಳು ಮತ್ತು ಎಂಟನೆಯವು ಪ್ರಧಾನ ಆವೃತ್ತಿಯನ್ನೂ ಸೂಚಿಸುತ್ತವೆ. ಈ ಪ್ರಧಾನ ಸಂಖ್ಯೆಯಿಂದ 44ನ್ನು ಕಳೆದರೆ ಜಾವಾ ಆವೃತ್ತಿ ದೊರೆಯುತ್ತದೆ: 52 ಎಂದರೆ ಜಾವಾ 8, 61 ಎಂದರೆ 17, 65 ಎಂದರೆ 21. ಗ್ರೇಡಲ್ ಕೂಡ ಜಾವಾದ ಮೇಲೆಯೇ ಓಡುವ ತಂತ್ರಾಂಶವಾದುದರಿಂದ ಅದಕ್ಕೆ ಈ ಫೈಲುಗಳನ್ನು ಓದಬಲ್ಲ ಶಕ್ತಿ ಬೇಕು. ತಾನು ರಚಿತವಾದಾಗ ಇಲ್ಲದಿದ್ದ 65 ಎಂಬ ಸಂಖ್ಯೆಯನ್ನು 6ನೆಯ ಆವೃತ್ತಿ ಅರಿಯದು. ಜಾವಾ 17ರ ಮೇಲೆ ಓಡಲು ಗ್ರೇಡಲ್ 7.3 ಅಥವಾ ಅದರ ಅನಂತರದ ಆವೃತ್ತಿಯೂ, ಜಾವಾ 21ರ ಮೇಲೆ ಓಡಲು 8.5 ಅಥವಾ ಅದರ ಅನಂತರದ್ದೂ ಅವಶ್ಯಕ.

ಇದನ್ನು ಹೋಲುವ ಇನ್ನೊಂದು ಸೂಚನೆಯುಂಟು: ಒಂದು ಲೈಬ್ರರಿಯ ಫೈಲು 65ರದೆಂದೂ, ಈ ಜಾವಾ 52ರವರೆಗೆ ಮಾತ್ರ ಗುರುತಿಸಬಲ್ಲದೆಂದೂ ಅದು ತಿಳಿಸುತ್ತದೆ. ಮಾತುಗಳು ಒಂದೇ ಬಗೆಯಾಗಿದ್ದರೂ ರೋಗಗಳು ಪರಸ್ಪರ ವಿರುದ್ಧ. ಮೊದಲನೆಯದರಲ್ಲಿ ಜಾವಾ ಹೊಸದು, ಗ್ರೇಡಲ್ ಹಳೆಯದು. ಎರಡನೆಯದರಲ್ಲಿ ಲೈಬ್ರರಿ ಹೊಸದು, ಜಾವಾ ಹಳೆಯದು. ಒಂದರ ಔಷಧವನ್ನು ಇನ್ನೊಂದಕ್ಕೆ ಕೊಟ್ಟರೆ ತೊಡಕು ಹೆಚ್ಚುತ್ತದೆ.

ಚಿಕಿತ್ಸೆಗೆ ತೊಡಗುವ ಮೊದಲು ಓಡುತ್ತಿರುವುದು ಯಾವ ಜಾವಾ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಒಂದೇ ಯಂತ್ರದಲ್ಲಿ ಎರಡು ಮೂರು ಜಾವಾಗಳಿರುವುದು ಅಪರೂಪವಲ್ಲ; ಆದೇಶಗಳನ್ನು ಟೈಪು ಮಾಡುವ ಕಿಟಕಿಯು ಒಂದನ್ನು ಬಳಸುತ್ತಿದ್ದರೆ, ಆಂಡ್ರಾಯ್ಡ್ ಸ್ಟೂಡಿಯೊ ಅಥವಾ ಇಂಟೆಲಿಜೆಯಂಥ ಸಂಪಾದಕ ತಂತ್ರಾಂಶ ಇನ್ನೊಂದನ್ನು ಬಳಸುತ್ತಿರಬಹುದು. ಗ್ರೇಡಲಿನ ‘ವರ್ಷನ್’ ಆದೇಶವು ತನ್ನ ಆವೃತ್ತಿಯನ್ನೂ ತಾನು ಓಡುತ್ತಿರುವ ಜಾವಾದ ಆವೃತ್ತಿಯನ್ನೂ ತೋರಿಸುತ್ತದೆ. ಪ್ರಾಜೆಕ್ಟಿನ ಜೊತೆಯಲ್ಲಿಯೇ ಇರುವ ‘ಗ್ರೇಡಲ್ ವ್ರ್ಯಾಪರ್’ ಎಂಬ ಚಿಕ್ಕ ಫೈಲಿನಲ್ಲಿ ಯಾವ ಗ್ರೇಡಲ್ ಬೇಕೆಂಬುದು ಬರೆದಿರುತ್ತದೆ, ತಿದ್ದಬೇಕಾದುದು ಅಲ್ಲಿ.

ಈ ತಿದ್ದುಪಡಿಯಾದೊಡನೆ ಹೊಸದೊಂದು ಸೂಚನೆ ಹೊರಬೀಳುತ್ತದೆ. ಹಿಂದೆ ಲೈಬ್ರರಿಗಳನ್ನು ಹೆಸರಿಸಲು ಬಳಸುತ್ತಿದ್ದ ‘ಕಂಪೈಲ್’ ಎಂಬ ಪದವನ್ನು 2021ರ ಗ್ರೇಡಲ್ 7 ಕೈಬಿಟ್ಟಿದೆ. ಅದರ ಸ್ಥಾನದಲ್ಲಿ ‘ಇಂಪ್ಲಿಮೆಂಟೇಷನ್’ ಎಂದು ಬರೆಯಬೇಕು. ಜೇಸೆಂಟರ್ ಎಂಬ ಲೈಬ್ರರಿ ಭಂಡಾರವನ್ನು ಮುಚ್ಚುವುದಾಗಿ ಅದರ ಒಡೆಯರು 2021ರಲ್ಲಿ ಪ್ರಕಟಿಸಿದರು. ಆದ್ದರಿಂದ ಅಲ್ಲಿಂದ ತರಿಸುತ್ತಿದ್ದುದನ್ನು ಮೇವನ್ ಸೆಂಟ್ರಲಿನಿಂದ ತರಿಸಬೇಕಾಗುತ್ತದೆ. ಒಂದನ್ನು ತಿದ್ದಿದಾಗ ಇನ್ನೊಂದು ತೋರಿತೆಂದು ವಿದ್ಯಾರ್ಥಿಗಳು ಎದೆಗುಂದುತ್ತಾರೆ. ವಾಸ್ತವವಾಗಿ ಇದು ಪ್ರಗತಿಯ ಲಕ್ಷಣ. ನಿರ್ಮಾಣವು ಹಂತಹಂತವಾಗಿ ನಡೆಯುವುದರಿಂದ ಎರಡನೆಯ ಬಾಗಿಲನ್ನು ತಲಪಿದವರಿಗೆ ಮಾತ್ರ ಅದು ಮುಚ್ಚಿರುವುದು ಗೊತ್ತಾಗುತ್ತದೆ.

ಇನ್ನು ಕನ್ನಡಕ್ಕೆ ವಿಶಿಷ್ಟವಾದ ಹಂತಕ್ಕೆ ಬರೋಣ. 1991ರ ಯೂನಿಕೋಡಿನ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ 3200ರಿಂದ 3327ರವರೆಗಿನ ಸಂಖ್ಯೆಗಳು ಮೀಸಲಾಗಿವೆ. ಇವನ್ನು ಫೈಲಿನಲ್ಲಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟುಗಳು ಬೇಕು. ಆದರೆ ಜಾವಾ 17ರವರೆಗೆ, ಬೇರೆ ಸೂಚನೆ ಇಲ್ಲದಿದ್ದರೆ, ಕಂಪೈಲರು ಯಂತ್ರದ ರೂಢಿಯ ಪದ್ಧತಿಯಲ್ಲಿ ಫೈಲನ್ನು ಓದುತ್ತಿತ್ತು. ಇಂಗ್ಲಿಷಿಗೆ ಸಜ್ಜಾದ ವಿಂಡೋಸ್ ಯಂತ್ರಗಳಲ್ಲಿ ಅದು ವಿಂಡೋಸ್ 1252 ಎಂಬ, ಒಂದು ಬೈಟಿಗೆ ಒಂದೇ ಅಕ್ಷರವಿರುವ ಪಾಶ್ಚಾತ್ಯ ಪದ್ಧತಿ. ಅದರಲ್ಲಿ 129, 141, 143, 144, 157 ಎಂಬ ಐದು ಸ್ಥಾನಗಳು ಬರಿದು. ದೈವವಶಾತ್ ಕನ್ನಡದ ಉಕಾರದ ಗುಣಿತಚಿಹ್ನೆಯ ಕೊನೆಯ ಬೈಟು 129. ಒತ್ತಕ್ಷರಗಳಿಗೆಲ್ಲ ಆಧಾರವಾದ ಹಲಂತಚಿಹ್ನೆಯ ಕೊನೆಯ ಬೈಟು 141.

ಇದರ ಪರಿಣಾಮವನ್ನು ಗಮನಿಸಬೇಕು. ‘ಮೈಸೂರು’ ಎಂಬ ಪದದ ಕೊನೆಯಲ್ಲಿ ಉಕಾರವಿದೆ. ಆದ್ದರಿಂದ ಹಳೆಯ ಕಂಪೈಲರು ಅಲ್ಲಿ ‘ಅನ್‌ಮ್ಯಾಪಬಲ್ ಕ್ಯಾರೆಕ್ಟರ್’ ಎಂದು ಆಕ್ಷೇಪಿಸಿ ನಿಲ್ಲುತ್ತದೆ. ‘ಕಾವೇರಿ’ ಎಂಬ ಪದದಲ್ಲಿ ಉಕಾರವಿಲ್ಲ, ಒತ್ತಕ್ಷರವೂ ಇಲ್ಲ. ಅದರ 18 ಬೈಟುಗಳನ್ನು ಕಂಪೈಲರು 18 ಪಾಶ್ಚಾತ್ಯ ಚಿಹ್ನೆಗಳೆಂದು ಭಾವಿಸಿ ಮೌನವಾಗಿ ಸ್ವೀಕರಿಸುತ್ತದೆ. ಆರು ಸಂಕೇತಗಳ ಪದವು ಹದಿನೆಂಟರದಾಗಿ, ಅಕಾರಾದಿ ಜೋಡಣೆಯೂ ಅಕ್ಷರಗಳ ಎಣಿಕೆಯೂ ಕೆಟ್ಟರೂ, ನಿರ್ಮಾಣ ಯಶಸ್ವಿಯಾಯಿತೆಂದೇ ವರದಿ ಬರುತ್ತದೆ. ಇವೆರಡರಲ್ಲಿ ನಿಜವಾಗಿ ಅಪಾಯಕ್ಕೀಡಾದ ಪದ ಯಾವುದು? ಆಕ್ಷೇಪಕ್ಕೊಳಗಾದ ಮೈಸೂರಲ್ಲ, ಮೌನವಾಗಿ ಅಂಗೀಕೃತವಾದ ಕಾವೇರಿ.

2022ರ ಜಾವಾ 18ರಿಂದ ಮುಂದೆ ಯುಟಿಎಫ್-8 ಎಲ್ಲೆಡೆಯೂ ರೂಢಿಯ ಪದ್ಧತಿಯಾಗಿದೆ. ಹೀಗಾಗಿ ನಮ್ಮ ಉದಾಹರಣೆಯಲ್ಲಿ ವಿದ್ಯಾರ್ಥಿಗಳ ಯೂನಿಕೋಡ್ ಫೈಲುಗಳು ಜಾವಾ 21ರಲ್ಲಿ ತಾವಾಗಿಯೇ ಸರಿಹೋಗುತ್ತವೆ. ಅಧ್ಯಾಪಕರ ನುಡಿಯ ಫೈಲು ಮಾತ್ರ ಮೊದಲ ಬಾರಿಗೆ ದೋಷವನ್ನು ತೋರಿಸುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ವಿನ್ಯಾಸದಲ್ಲಿ ಅಕ್ಷರದ ಭಾಗಗಳಿಗೆ ಒಂದೊಂದು ಬೈಟು ನಿಗದಿಯಾಗಿದೆ. ‘ಕನ್ನಡ’ ಎಂಬ ಪದವು ಅಲ್ಲಿ 80, 192, 163, 192, 223, 113, 192 ಎಂಬ ಏಳು ಬೈಟುಗಳು. ಮೂರು ಸಲ ಬರುವ 192 ತಲೆಕಟ್ಟಿನ ಸಂಖ್ಯೆ. ಯುಟಿಎಫ್-8ರಲ್ಲಿಯಾದರೋ 192 ಎಂಬ ಬೈಟು ಎಲ್ಲಿಯೂ ಬರಕೂಡದು. ಹೊಸ ಕಂಪೈಲರು ಅದನ್ನು ಷೋಡಶಮಾನದಲ್ಲಿ ‘ಸಿ0’ ಎಂದು ಮುದ್ರಿಸಿ ಆಕ್ಷೇಪಿಸುತ್ತದೆ. ಹಳೆಯ ಪದ್ಧತಿಯು ಕನ್ನಡದ ಉಕಾರ ಮತ್ತು ಒತ್ತಕ್ಷರಗಳಲ್ಲಿ ಎಡವಿದರೆ, ಹೊಸ ಪದ್ಧತಿಯು ನುಡಿಯ ತಲೆಕಟ್ಟಿನಲ್ಲಿ ಎಡವುತ್ತದೆ.

ಪ್ರೋಗ್ರಾಮಿನ ಮೂಲಪಠ್ಯಕ್ಕೆ ಹೀಗೆ ಕಂಪೈಲರಿನ ಕಾವಲುಂಟು. ಪ್ರೋಗ್ರಾಮು ಓಡುವಾಗ ಓದುವ ಹೆಸರುಪಟ್ಟಿಗಳಿಗೆ ಈ ಕಾವಲಿಲ್ಲ. ಪದ್ಧತಿಯನ್ನು ಹೇಳದೆ ಫೈಲನ್ನು ತೆರೆದರೆ ಜಾವಾ ತನಗೆ ತಿಳಿಯದ ಬೈಟುಗಳ ಸ್ಥಾನದಲ್ಲಿ ಬದಲಿ ಚಿಹ್ನೆಯನ್ನಿಟ್ಟು ಸುಮ್ಮನೆ ಮುಂದುವರಿಯುತ್ತದೆ. ಅದೇ ಪ್ರೋಗ್ರಾಮು ಪಟ್ಟಿಯನ್ನು ಜೋಡಿಸಿ ಅದೇ ಫೈಲಿಗೆ ಮರಳಿ ಬರೆದರೆ, ನುಡಿಯ ಪಟ್ಟಿಯ ತಲೆಕಟ್ಟುಗಳೆಲ್ಲ ಅಳಿದುಹೋಗುತ್ತವೆ; ಅವನ್ನು ಮರಳಿ ಪಡೆಯುವ ಉಪಾಯವಿಲ್ಲ. ವರ್ಷಗಟ್ಟಲೆ ಶ್ರಮಿಸಿ ಸಂಗ್ರಹಿಸಿದ ಪದಪಟ್ಟಿಯೊಂದು ಹೀಗೆ ಒಂದು ಕ್ಷಣದಲ್ಲಿ, ಯಾವ ದೋಷಸೂಚನೆಯೂ ಇಲ್ಲದೆ, ನಷ್ಟವಾಗಬಹುದು. ಆದ್ದರಿಂದ ಹೊಸ ಆವೃತ್ತಿಯಲ್ಲಿ ಮೊದಲ ಸಲ ಓಡಿಸುವುದಕ್ಕೆ ಮುನ್ನ ಹಳೆಯ ಫೈಲುಗಳ ಪ್ರತಿಯನ್ನು ಬೇರೆಡೆ ಇರಿಸುವುದು ಅತ್ಯವಶ್ಯಕ.

ನುಡಿಯ ಫೈಲನ್ನು ಸಂಪಾದಕದಲ್ಲಿ ತೆರೆದು ಯುಟಿಎಫ್-8 ಎಂದು ಉಳಿಸಿದ ಮಾತ್ರಕ್ಕೆ ಅದು ಯೂನಿಕೋಡ್ ಕನ್ನಡವಾಗುವುದಿಲ್ಲ. ಪಾಶ್ಚಾತ್ಯ ಅಕ್ಷರಗಳೇ ಹೊಸ ರೂಪದಲ್ಲಿ ಉಳಿದು, ಕಂಪೈಲರಿನ ಆಕ್ಷೇಪ ಮಾತ್ರ ನಿಲ್ಲುತ್ತದೆ. ಇದು ರೋಗವನ್ನು ಬಿಟ್ಟು ಲಕ್ಷಣವನ್ನು ಅಡಗಿಸಿದಂತೆ. ತಕ್ಕ ಪರಿವರ್ತಕವನ್ನು ಬಳಸಬೇಕು. ಬಳಸಿದ ಮೇಲೆ ‘ಕರ್ನಾಟಕ’ದಂಥ ಪದಗಳನ್ನು ಪರೀಕ್ಷಿಸಬೇಕು. ಏಕೆಂದರೆ ನುಡಿಯಲ್ಲಿ ಅರ್ಕಾವೊತ್ತು ವ್ಯಂಜನದ ಅನಂತರ ಬರುತ್ತದೆ, ಯೂನಿಕೋಡಿನಲ್ಲಿ ರೇಫವು ಮೊದಲು ಬರುತ್ತದೆ. ಪರಿವರ್ತನೆ ಎಡವಿದರೆ ಎಡವುವುದು ಇಂಥಲ್ಲಿ.

ಈವರೆಗಿನ ವಿವೇಚನೆಯಿಂದ ಫಲಿಸುವ ಕ್ರಮವನ್ನು ಸಂಗ್ರಹಿಸಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದುದನ್ನು ಬರೆದಿಡಬೇಕು. ಗ್ರೇಡಲಿನ ದೀರ್ಘ ವರದಿಯಲ್ಲಿ ‘ವಾಟ್ ವೆಂಟ್ ರಾಂಗ್’ ಎಂಬ ಭಾಗದ ಅತ್ಯಂತ ಒಳಗಣ ಸಾಲನ್ನೂ, ಕಂಪೈಲರಿನ ಸೂಚನೆಗಳಲ್ಲಿ ಮೊಟ್ಟಮೊದಲನೆಯದನ್ನೂ ಓದಬೇಕು. ಉಳಿದವು ಹಲವು ವೇಳೆ ಅದರ ಪ್ರತಿಧ್ವನಿಗಳು. ಸಂಗ್ರಹಿತ ಲೈಬ್ರರಿಗಳನ್ನೆಲ್ಲ ಅಳಿಸಿಹಾಕುವ ಜನಪ್ರಿಯ ಉಪಾಯವನ್ನು ಕೊನೆಗೆ ಉಳಿಸಿಕೊಳ್ಳಬೇಕು. ಮೇಲೆ ಹೇಳಿದ ಒಂದು ದೋಷವೂ ಅದರಿಂದ ನಿವಾರಣೆಯಾಗದು, ಇಡೀ ಪ್ರಯೋಗಶಾಲೆಯು ಅವನ್ನೆಲ್ಲ ಮತ್ತೆ ತರಿಸಿಕೊಳ್ಳುತ್ತ ಕಾಯಬೇಕಾಗುತ್ತದೆ. ಕೊನೆಯದಾಗಿ, ಯಾವ ಜಾವಾ, ಯಾವ ಗ್ರೇಡಲ್, ಯಾವ ಅಕ್ಷರಪದ್ಧತಿ ಎಂಬುದನ್ನು ಯಂತ್ರದ ರೂಢಿಗೆ ಬಿಡದೆ ಪ್ರಾಜೆಕ್ಟಿನೊಳಗೇ ನಮೂದಿಸಬೇಕು. ಕಂಪೈಲರಿನ ಎನ್‌ಕೋಡಿಂಗನ್ನು ಯುಟಿಎಫ್-8 ಎಂದು ಘೋಷಿಸುವುದು ನಿರ್ಮಾಣದ ಫೈಲಿನಲ್ಲಿ ಒಂದು ಸಾಲಿನ ಕೆಲಸ.

ರೂಢಿಯನ್ನು ನಂಬಿದ ಪ್ರೋಗ್ರಾಮು ರೂಢಿ ಬದಲಾದಾಗ ನಿಲ್ಲುತ್ತದೆ. ಬರೆದಿಟ್ಟ ಒಡಂಬಡಿಕೆಯನ್ನು ನಂಬಿದ ಪ್ರೋಗ್ರಾಮಿನಲ್ಲಿ ಎಲ್ಲಿ ತಿದ್ದಬೇಕೆಂಬುದಾದರೂ ತಿಳಿದಿರುತ್ತದೆ. ದೋಷಸೂಚನೆಯನ್ನು ಕಂಡು ಅಂಜುವ ವಿದ್ಯಾರ್ಥಿಗೆ ಅಧ್ಯಾಪಕರು ಹೇಳಬೇಕಾದ ಮಾತೂ ಇದೇ: ಅಂಜಬೇಕಾದುದು ಸೂಚನೆಗಲ್ಲ, ಸೂಚನೆಯೇ ಇಲ್ಲದೆ ಅಕ್ಷರಗಳು ಅಳಿಯುವ ಮೌನಕ್ಕೆ.