ಉಗುರಿನ ಶಿಲೀಂಧ್ರಕ್ಕೆ ವರ್ಷದ ಲೆಕ್ಕ

ನಾಗರಪಂಚಮಿಗೆ ಹಚ್ಚಿಕೊಂಡ ಮದರಂಗಿ ಅಂಗೈಯಿಂದ ಎರಡು ವಾರದಲ್ಲಿ ಮಾಯವಾಗುತ್ತದೆ. ಉಗುರಿನ ಮೇಲಿನ ಕೆಂಪು ಮಾತ್ರ ಸಂಕ್ರಾಂತಿ ಹೊತ್ತಿಗೂ ತುದಿಯಲ್ಲಿ ಗೆರೆಯಾಗಿ ಉಳಿದಿರುತ್ತದೆ. ಕೈಯುಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿ.ಮೀ.; ಬುಡದಲ್ಲಿ ಹುಟ್ಟಿದ್ದು ತುದಿಗೆ ಬರಲು ಆರು ತಿಂಗಳು ಬೇಕು. ಕಾಲುಗುರಿಗೆ ಅದರ ಅರ್ಧದಷ್ಟೇ ವೇಗ, ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು. ಉಗುರಿನ ಶಿಲೀಂಧ್ರ ಸೋಂಕಿಗೆ ಔಷಧಿ ತೆಗೆದುಕೊಂಡವರು ನಡುವೆ ಕೈಬಿಡುವುದು ಹೆಚ್ಚಾಗಿ ಈ ಲೆಕ್ಕ ಯಾರೂ ಹೇಳಿಕೊಟ್ಟಿಲ್ಲದ ಕಾರಣಕ್ಕೆ.

ಉಗುರು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನ ಪದರ. ಅದರಲ್ಲಿ ಜೀವಂತ ಕೋಶಗಳಿಲ್ಲ, ರಕ್ತ ಹರಿಯುವುದಿಲ್ಲ. ಹಾಗಾಗಿ ದೇಹದ ರೋಗನಿರೋಧಕ ಕಣಗಳು ಅಲ್ಲಿಗೆ ತಲುಪುವುದು ಕಷ್ಟ. ಕೆರಾಟಿನ್ನನ್ನೇ ತಿಂದು ಬದುಕುವ ಡರ್ಮಟೊಫೈಟ್ ಎಂಬ ಶಿಲೀಂಧ್ರಗಳಿಗೆ ಇದಕ್ಕಿಂತ ನೆಮ್ಮದಿಯ ಜಾಗ ಇನ್ನೊಂದಿಲ್ಲ. ಇವುಗಳಲ್ಲಿ ಮುಖ್ಯವಾದದ್ದು ಟ್ರೈಕೊಫೈಟಾನ್ ರೂಬ್ರಮ್, 1910ರಲ್ಲಿ ಇಟಲಿಯ ವೈದ್ಯ ಆಲ್ಡೊ ಕಾಸ್ಟೆಲಾನಿ ವಿವರಿಸಿದ್ದು. ಸಾಮಾನ್ಯವಾಗಿ ಅದು ಮೊದಲು ಕಾಲ್ಬೆರಳ ಸಂದಿಯಲ್ಲಿ ತುರಿಕೆಯಾಗಿ ಕಾಣಿಸಿಕೊಂಡು, ನಿಧಾನಕ್ಕೆ ಉಗುರಿನ ತುದಿಯ ಅಡಿಗೆ ಹೊಕ್ಕು, ಅಲ್ಲಿಂದ ಬುಡದ ಕಡೆಗೆ ಸರಿಯುತ್ತದೆ. ಉಗುರು ಹಳದಿಯಾಗಿ ದಪ್ಪವಾಗುತ್ತದೆ, ಅಡಿಯಲ್ಲಿ ಹಿಟ್ಟಿನಂಥ ಪುಡಿ ಸೇರಿಕೊಳ್ಳುತ್ತದೆ, ಕತ್ತರಿಸಹೋದರೆ ಚೂರುಚೂರಾಗಿ ಉದುರುತ್ತದೆ. ಹೆಚ್ಚಾಗಿ ನೋವಿರುವುದಿಲ್ಲ, ಆದ್ದರಿಂದ ವರ್ಷಗಟ್ಟಲೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಬರಿಗಾಲಲ್ಲಿ ಒಣ ಹೊಲದಲ್ಲಿ ನಡೆಯುವವರ ಪಾದಕ್ಕೆ ಗಾಳಿಯಾಡುತ್ತದೆ. ಈ ಶಿಲೀಂಧ್ರಕ್ಕೆ ಬೇಕಾದ್ದು ಬೂಟಿನೊಳಗಿನ ಬೆವರು. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಂಥ ಕಡೆ ಪಾಳಿ ಪೂರ್ತಿ ಸೇಫ್ಟಿ ಶೂ ಬಿಚ್ಚದೆ ದುಡಿಯುವವರ ಕಾಲನ್ನು, ನೈಲಾನ್ ಸಾಕ್ಸ್‌ನಲ್ಲಿ ದಿನ ಕಳೆಯುವ ಶಾಲಾ ಮಕ್ಕಳ ಕಾಲನ್ನು ನೆನೆಸಿಕೊಳ್ಳಿ.

ಅದೇ ಜಿಲ್ಲೆಯ ಮಾನ್ವಿ, ದೇವದುರ್ಗದ ಹಳ್ಳಿಗಳ ಕಥೆ ಬೇರೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಮಾನ್ವಿ ಕಡೆಗೆ, ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಗೆ ನೀರು ತಂದವು. ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ನೆಲ್ಲಿನ ಗದ್ದೆಗಳಾದವು. ನಾಟಿ ಹಂಗಾಮಿನಲ್ಲಿ ಹೆಣ್ಣುಮಕ್ಕಳ ಗುಂಪು ಬೆಳಗಿನಿಂದ ಸಂಜೆಯವರೆಗೂ ಕೆಸರಿನಲ್ಲಿ ಬಗ್ಗಿರುತ್ತದೆ. ಸಸಿಯ ಬುಡವನ್ನು ಹೆಬ್ಬೆರಳು ಮತ್ತು ಎರಡು ಬೆರಳಿನಿಂದ ಹಿಡಿದು ಕೆಸರಿಗೆ ಒತ್ತಿದಾಗಲೆಲ್ಲ ಆ ಉಗುರುಗಳ ಅಂಚಿಗೆ ಕೆಸರು ಉಜ್ಜುತ್ತದೆ. ಉಗುರಿನ ಬುಡದಲ್ಲಿರುವ ತೆಳುಚರ್ಮ, ಕಿಟಕಿಯ ಸಂದಿಗೆ ಮೆತ್ತಿದ ಗಾರೆಯ ಹಾಗೆ, ನೀರು ಒಳಗಿಳಿಯದಂತೆ ತಡೆಯುತ್ತದೆ. ದಿನಗಟ್ಟಲೆ ನೆನೆದರೆ ಅದು ಬಿಟ್ಟುಕೊಳ್ಳುತ್ತದೆ. ಆಮೇಲೆ ಬುಡ ಊದಿ ಕೆಂಪಾಗಿ, ಒತ್ತಿದರೆ ನೋಯುತ್ತದೆ, ಉಗುರಿನ ಮೈ ಏರುತಗ್ಗಾಗುತ್ತದೆ. ಹೊಲದಿಂದ ಬಂದವರಿಗೆ ಮನೆಯಲ್ಲಿ ಮುಸುರೆ, ಬಟ್ಟೆ, ಸೋಪಿನ ನೀರು ಕಾದಿರುತ್ತವೆ. ಕೈ ಒಣಗಲು ಹೊತ್ತೇ ಸಿಗುವುದಿಲ್ಲ.

ತಿಂಗಳುಗಟ್ಟಲೆ ಉಳಿಯುವ ಈ ಉಗುರುಸುತ್ತಿನಲ್ಲಿ ಕ್ಯಾಂಡಿಡಾ ಎಂಬ ಇನ್ನೊಂದು ಬಗೆಯ ಶಿಲೀಂಧ್ರ ಸಿಗುವುದುಂಟು. ಆದರೆ ಮೂಲ ಕಾರಣ ನೀರು ಮತ್ತು ಸೋಪಿನಿಂದ ಚರ್ಮಕ್ಕಾದ ಕಿರಿಕಿರಿ, ಕ್ಯಾಂಡಿಡಾ ಆಮೇಲೆ ಬಂದು ಸೇರಿಕೊಂಡದ್ದು ಎಂಬುದು ಈಗಿನ ವೈದ್ಯರ ತಿಳಿವಳಿಕೆ. ಕೈ ಒಣಗದ ಹೊರತು ಶಿಲೀಂಧ್ರದ ಮಾತ್ರೆ ಎಷ್ಟು ನುಂಗಿದರೂ ಅಷ್ಟಕ್ಕಷ್ಟೆ. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಳ್ಳುವ ಮನೆಮದ್ದು ಎಲ್ಲರಿಗೂ ಗೊತ್ತು. ಆದರೆ ಒಂದೇ ರಾತ್ರಿಯಲ್ಲಿ ಊದಿ ಮಿಡಿಯುವ ಉಗುರುಸುತ್ತು ಸಾಮಾನ್ಯವಾಗಿ ಬ್ಯಾಕ್ಟೀರಿಯಾದ್ದು. ಕೀವಾದರೆ ಅದನ್ನು ಹೊರತೆಗೆಯಬೇಕು, ನಿಂಬೆಯ ಹುಳಿ ಬಿರಿದ ಚರ್ಮವನ್ನು ಇನ್ನಷ್ಟು ಉರಿಸುತ್ತದೆ.

ಕೆಟ್ಟಂತೆ ಕಾಣುವ ಉಗುರುಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಮಾತ್ರ ಶಿಲೀಂಧ್ರ ಕಾರಣ. ಸೋರಿಯಾಸಿಸ್‌ನಲ್ಲಿ ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳು ಬೀಳುತ್ತವೆ. ಬಿಗಿ ಚಪ್ಪಲಿ, ಕಲ್ಲಿನ ಏಟು ಉಗುರನ್ನು ದಪ್ಪಗೊಳಿಸುತ್ತವೆ. ದೇಹಕ್ಕೆ ಆರ್ಸೆನಿಕ್ ಸೇರಿದರೆ ಅಡ್ಡಕ್ಕೆ ಬಿಳಿ ಪಟ್ಟೆಗಳು ಮೂಡಬಹುದು. ಹಟ್ಟಿ ಚಿನ್ನದ ಗಣಿಯ ಆಸುಪಾಸಿನ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಆರ್ಸೆನಿಕ್ ಸಿಕ್ಕಿರುವ ರಾಯಚೂರು ಜಿಲ್ಲೆಯಲ್ಲಿ ಇದನ್ನು ಮರೆಯುವಂತಿಲ್ಲ. ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿ ಅಗಲವಾಗುತ್ತಿದ್ದರೆ ತಡಮಾಡದೆ ತೋರಿಸಬೇಕು, ಅದು ಕ್ಯಾನ್ಸರ್ ಇರಲೂಬಹುದು.

ಪರೀಕ್ಷೆ ಸರಳ. ಉಗುರನ್ನು ಸ್ಪಿರಿಟ್‌ನಲ್ಲಿ ಒರೆಸಿ, ಅಡಿಯ ಪುಡಿಯನ್ನು ಸೋಂಕಿನ ಒಳ ಅಂಚಿನಿಂದ ಕೆರೆದು, ಗಾಜಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸುತ್ತಾರೆ. ಕೆರಾಟಿನ್ ಕರಗಿ ತಿಳಿಯಾದ ಮೇಲೆ ಸೂಕ್ಷ್ಮದರ್ಶಕದಲ್ಲಿ ಕವಲೊಡೆದ ಎಳೆಗಳು ಕಾಣಿಸಿದರೆ ಶಿಲೀಂಧ್ರ ಖಚಿತ. ಯಾವ ಜಾತಿ ಎಂದು ತಿಳಿಯಲು ಕಲ್ಚರ್‌ಗೆ ಹಾಕಬೇಕು, ಅದಕ್ಕೆ ನಾಲ್ಕು ವಾರದವರೆಗೆ ಹಿಡಿಯುತ್ತದೆ. ದೇವದುರ್ಗ, ಮಾನ್ವಿಯವರಿಗೆ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಸುಮಾರು 50 ಕಿ.ಮೀ. ದಾರಿ, ಒಂದು ದಿನದ ಕೂಲಿ ಹೋಗುತ್ತದೆ. ಆದರೂ ಮೂರು ತಿಂಗಳು ಬೇಡದ ಮಾತ್ರೆ ನುಂಗುವುದಕ್ಕಿಂತ ಇದು ಅಗ್ಗ ಎನ್ನುವುದು ನನ್ನ ಎಣಿಕೆ.

ಸೋಂಕು ಖಚಿತವಾದರೆ ಹೆಚ್ಚಾಗಿ ಕೊಡುವುದು ಟರ್ಬಿನಾಫಿನ್: ದಿನಕ್ಕೆ 250 ಮಿ.ಗ್ರಾಂ., ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರ. ಇಟ್ರಕೊನಜೋಲ್ ಇನ್ನೊಂದು ದಾರಿ, ಹೃದಯ ವೈಫಲ್ಯ ಇರುವವರಿಗೆ ಅದು ಸಲ್ಲದು. ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿಯೇ ಶುರು ಮಾಡುವುದು ಒಳ್ಳೆಯದು. ಬಸುರಿ-ಬಾಣಂತಿಯರು ಕಾಯಬಹುದು, ಈ ರೋಗಕ್ಕೆ ಅವಸರವಿಲ್ಲ. ಸೋಂಕು ತುದಿಯಲ್ಲಷ್ಟೇ ಇದ್ದರೆ ಅಮೊರೊಲ್ಫಿನ್‌ನಂಥ ಹಚ್ಚುವ ಲ್ಯಾಕರ್ ಸಾಕಾಗಬಹುದು.

ಮಾತ್ರೆ ಮುಗಿದ ದಿನ ಕಾಲುಗುರು ಇನ್ನೂ ಹಳದಿಯಾಗಿಯೇ ಇರುತ್ತದೆ. ಔಷಧಿ ಉಗುರಿನೊಳಗೆ ತಿಂಗಳುಗಟ್ಟಲೆ ಉಳಿದು ಕೆಲಸ ಮಾಡುತ್ತಿರುತ್ತದೆ. ಕೆಟ್ಟ ಭಾಗ ಬೆಳೆದು ಮುಂದೆ ಸರಿಯಬೇಕಷ್ಟೆ. ಕೆಲವು ವೈದ್ಯರು ಮೊದಲ ದಿನವೇ, ಒಳ್ಳೆಯ ಉಗುರೂ ಕೆಟ್ಟದ್ದೂ ಸೇರುವ ಗಡಿಯಲ್ಲಿ ಸಣ್ಣ ಗೀರು ಹಾಕಿಡುತ್ತಾರೆ. ಗೀರು ಮುಂದೆ ಸರಿದಂತೆ ಅದರ ಹಿಂದೆ ತಿಳಿಯಾದ ಉಗುರು ಬಂದರೆ ಚಿಕಿತ್ಸೆ ಹಿಡಿದಿದೆ. ಹಳದಿ ಗೀರನ್ನು ದಾಟಿ ಬುಡದತ್ತ ಬಂದರೆ ಮತ್ತೆ ಪರೀಕ್ಷೆ ಮಾಡಬೇಕು.

ಹೀಗೆ ದಾಟುವ ಪ್ರಕರಣಗಳಿಗೆ ಈಗ ಹೊಸ ಅನುಮಾನವೊಂದು ಸೇರಿದೆ: ಶಿಲೀಂಧ್ರವೇ ಔಷಧಿಗೆ ಬಗ್ಗದ್ದಿರಬಹುದೇ? ಹುಳುಕಡ್ಡಿಗೆಂದು ಮೆಡಿಕಲ್ ಶಾಪ್‌ನಿಂದ ನೇರವಾಗಿ ತಂದು ಹಚ್ಚುವ ಸ್ಟೆರಾಯ್ಡ್ ಬೆರೆತ ಕ್ರೀಮುಗಳು ತುರಿಕೆ ನಿಲ್ಲಿಸುತ್ತವೆ, ಶಿಲೀಂಧ್ರವನ್ನು ಬೆಳೆಸುತ್ತವೆ. ಭಾರತದಲ್ಲಿ ವ್ಯಾಪಕವಾಗಿ ಹರಡಿ, 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂಬ ಹೆಸರು ಪಡೆದ ಜಾತಿಯಲ್ಲಿ ಟರ್ಬಿನಾಫಿನ್‌ಗೆ ಬಗ್ಗದ ತಳಿಗಳು ಹಲವು. ಮನೆಯಲ್ಲಿ ಒಬ್ಬರ ಉಗುರಲ್ಲೋ ತೊಡೆಸಂದಿಯಲ್ಲೋ ಸೋಂಕು ಉಳಿದರೆ ಟವೆಲ್, ನೇಲ್ ಕಟರ್ ಮೂಲಕ ಉಳಿದವರಿಗೂ ಬರುತ್ತದೆ. ಅವನ್ನು ಬೇರೆಯಿಡಬೇಕು, ಸೋಂಕಿದ್ದವರೆಲ್ಲರಿಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು.

ವಾಸಿಯಾದವರಲ್ಲಿ ನಾಲ್ಕೈದು ಜನಕ್ಕೆ ಒಬ್ಬರಿಗೆ ರೋಗ ಮರಳುತ್ತದೆ. ಬೆರಳ ಸಂದಿ ಒರೆಸಿಕೊಳ್ಳುವುದು, ಹತ್ತಿಯ ಸಾಕ್ಸ್ ದಿನಾ ಬದಲಿಸುವುದು, ಎರಡು ಜೊತೆ ಶೂ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕುವುದು ಕೆಲಸಕ್ಕೆ ಬರುತ್ತದೆ. ಒಣಗಿಸುವ ಬಿಸಿಲಿಗಂತೂ ರಾಯಚೂರಿನಲ್ಲಿ ಬರವಿಲ್ಲ. ಸಕ್ಕರೆ ಕಾಯಿಲೆ ಇದ್ದವರು ದಪ್ಪ ಉಗುರನ್ನು ತಾವೇ ಬ್ಲೇಡಿನಿಂದ ಕೆತ್ತಬಾರದು. ಸ್ಪರ್ಶ ತಿಳಿಯದ ಕಾಲಿಗೆ ತಗಲಿದ ಗಾಯ ಹುಣ್ಣಾಗುತ್ತದೆ. ನಾಟಿ ಮಾಡುವವರಿಗೆ ಕೈಗವಸು ಹಾಕಿಕೊಳ್ಳಿ ಎನ್ನುವುದು ಕಾಗದದ ಸಲಹೆ, ಅದರಲ್ಲಿ ಸಸಿ ಹಿಡಿಯಲಾಗುವುದಿಲ್ಲ. ಸಂಜೆ ಶುದ್ಧ ನೀರಲ್ಲಿ ತೊಳೆದು, ಒರೆಸಿ, ಉಗುರಿನ ಬುಡಕ್ಕೆ ವ್ಯಾಸಲೀನ್ ಸವರಿಕೊಳ್ಳಬಹುದು. ಮುಸುರೆ ತಿಕ್ಕುವ ಕೆಲಸವನ್ನು ನಾಟಿ ಮುಗಿಯುವವರೆಗಾದರೂ ಮನೆಯ ಗಂಡಸರು ವಹಿಸಿಕೊಂಡರೆ ಆ ಬೆರಳುಗಳಿಗೆ ರಾತ್ರಿಯಿಡೀ ಒಣಗುವ ಹೊತ್ತು ಸಿಗುತ್ತದೆ.