ಮಾತ್ರೆ ಮನೆ ಸೇರಿದರೆ ಸಾಲದು

ಉಜಿರೆ: ಸರಕಾರದ ಕಬ್ಬಿಣಾಂಶದ ಕೆಂಪು ಮಾತ್ರೆ ಗರ್ಭಿಣಿಯರಿಗೆ ಉಚಿತವಾಗಿ ದೊರೆಯುತ್ತಿದೆ, ರಕ್ತಹೀನತೆ ಮಾತ್ರ ಇಳಿದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ 2015-16ರಲ್ಲಿ ಶೇ. 45.4ರಷ್ಟಿದ್ದ ರಕ್ತಹೀನತೆ 2019-20ರಲ್ಲಿ ಶೇ. 45.7. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಶೇ. 60.9ರಿಂದ 65.5ಕ್ಕೇರಿತು.

2018ರ 'ಅನೀಮಿಯಾ ಮುಕ್ತ ಭಾರತ' ಕಾರ್ಯಕ್ರಮದಂತೆ ಗರ್ಭಿಣಿಯು ನಾಲ್ಕನೇ ತಿಂಗಳಿನಿಂದ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ ದಿನಕ್ಕೊಂದು ಮಾತ್ರೆ ಸೇವಿಸಬೇಕು. ಅದರಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ವಾರಕ್ಕೆರಡು ಬಾರಿ 1 ಮಿ.ಲೀ. ಸಿರಪ್. ತಾಯಿಯಿಂದ ಪಡೆದು ತಂದ ಕಬ್ಬಿಣದ ದಾಸ್ತಾನು ಆ ವೇಳೆಗೆ ಬರಿದಾಗುತ್ತದೆ. ಎದೆಹಾಲಿನಲ್ಲಿರುವುದು ಅತ್ಯಲ್ಪ, ಗಂಜಿತಿಳಿಯಲ್ಲಿ ಇಲ್ಲವೆಂದೇ ಹೇಳಬೇಕು.

ಹಾಗಾದರೆ ತೊಡಕೆಲ್ಲಿ? ವಾಕರಿಕೆ, ಮಲಬದ್ಧತೆ, ಕಪ್ಪು ಮಲ ಕಂಡು ಅನೇಕರು ಮಾತ್ರೆ ಬಿಡುತ್ತಾರೆ. ಮಲ ಕಪ್ಪಾಗುವುದು ಸಹಜ, ಭಯ ಬೇಡ. ಚಹಾ, ಕಾಫಿಯೊಡನೆ ಅಥವಾ ಕ್ಯಾಲ್ಸಿಯಂ ಮಾತ್ರೆಯೊಂದಿಗೆ ನುಂಗಿದರೆ ಕಬ್ಬಿಣ ದೇಹಕ್ಕೆ ಸರಿಯಾಗಿ ಹತ್ತದು. ಎರಡು ಗಂಟೆಯ ಅಂತರವಿರಲಿ. ಲಿಂಬೆ, ನೆಲ್ಲಿಕಾಯಿ ಹೀರುವಿಕೆಗೆ ನೆರವಾಗುತ್ತವೆ.

2017ರ ಅಕ್ಟೋಬರ್ 2ರಂದು ಆರಂಭವಾದ 'ಮಾತೃಪೂರ್ಣ' ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟದೊಡನೆ ಮಾತ್ರೆ ನೀಡುವ ಆಲೋಚನೆಯಿತ್ತು. ಆಲೋಚನೆ ಒಳ್ಳೆಯದೇ. ಆದರೆ ಅಡಿಕೆ ತೋಟಗಳ ನಡುವೆ ಮನೆಗಳು ಚದುರಿರುವ ಬೆಳ್ತಂಗಡಿ ತಾಲೂಕಿನಲ್ಲಿ ತುಂಬು ಗರ್ಭಿಣಿ ದಿನವೂ ಗುಡ್ಡ ಇಳಿದು ಬರುವುದು ಸುಲಭವೇ?

ತಪಾಸಣೆಯಲ್ಲೂ ಒಂದು ಸೂಕ್ಷ್ಮವಿದೆ. ಹಿಮೋಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಂಗಿಂತ ಕೆಳಗಿಳಿಯುವ ಮೊದಲೇ ದೇಹದ ಕಬ್ಬಿಣದ ಸಂಗ್ರಹ ಕರಗಿರುತ್ತದೆ. ಅದನ್ನು ತಿಳಿಸುವುದು ಫೆರಿಟಿನ್ ಪರೀಕ್ಷೆ. 7 ಗ್ರಾಂಗಿಂತ ಕಡಿಮೆಯಿದ್ದರೆ ಮಾತ್ರೆಯನ್ನಷ್ಟೇ ನಂಬಿ ಕೂರದೆ ಆಸ್ಪತ್ರೆಗೆ ತೆರಳಬೇಕು.